ಸೂರಿನಡಿಯ ಐದು ಹೆಂಚು

ಈ ಬೇಸಿಗೆಯಲ್ಲಿ ನಮ್ಮಪ್ಪನಿಗೆ ಅದ್ಯಾವ ಗಾಳಿ ಸೋಕಿತ್ತೋ ಕಾಣೆ. ಎಂಬತ್ತೆಂಟರ ಮುದುಕ. ಬೆಳಗಿನ ಕಾಫಿ ಕುಡಿದು, ಅಂಜೂರದ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ದಾರಿಯಲ್ಲಿ ಹೋಗಿ ಬರುವವರನ್ನು ಬೈದುಕೊಂಡು ಇರಬೇಕಾದವನು. ಅದು ಬಿಟ್ಟು ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಾನೆ. ಬೆಳಕು ಹರಿಯಿತೋ ಇಲ್ಲವೋ, ಕೋಲು ಹಿಡಿದು ಹೆಂಚಿನ ಹೊಲದ ದಾರಿ ಹಿಡಿಯುತ್ತಾನೆ. ನಾನು ಅವನ ಟೋಪಿ ಹಿಡಿದುಕೊಂಡು ಹಿಂದೆ ಓಡಬೇಕು. ಬಿಸಿಲಿಗೆ ಎಲ್ಲಾದರೂ ಬಿದ್ದನೆಂದರೆ ಊರಿನವರು ಉಗಿಯುವುದು ನನ್ನ ಮುಖಕ್ಕೆ.

ಹೆಂಚಿನ ಹೊಲವೆಂದರೆ ರಿಪಾನೇರಾ ಊರಿನ ಕೆಳಗೆ, ಗುಡ್ಡದ ಮಗ್ಗುಲಲ್ಲಿರುವ ನಮ್ಮ ಗೋಧಿ ಹೊಲ. ನೇಗಿಲು ಇಟ್ಟಲ್ಲೆಲ್ಲ ಹಳೇ ಹೆಂಚು, ಹೂಜಿಯ ಕಿವಿ, ಬಣ್ಣದ ಕಲ್ಲಿನ ಚೂರು ಏಳುತ್ತಿದ್ದುದರಿಂದ ಮುತ್ತಜ್ಜನ ಕಾಲದಿಂದಲೂ ಅದಕ್ಕೆ ಅದೇ ಹೆಸರು. ರೋಮನ್ನರ ಕಾಲದಲ್ಲಿ ಯಾರೋ ದೊಡ್ಡ ಕುಳ ಅಲ್ಲಿ ವಿಲ್ಲಾ ಕಟ್ಟಿಸಿ, ಗುಲಾಮರನ್ನಿಟ್ಟು ದ್ರಾಕ್ಷಾರಸ, ಆಲಿವ್ ಎಣ್ಣೆ ತೆಗೆಸುತ್ತಿದ್ದನಂತೆ. ನಮಗೇನು ಅದು ಹೊಸ ಸುದ್ದಿಯಲ್ಲ. ನಮ್ಮ ಕೋಳಿಗಳು ಇವತ್ತಿಗೂ ನೀರು ಕುಡಿಯುವುದು ಅವನ ಮನೆಯ ಹೆಂಚಿನಲ್ಲೇ.

ಜುಲೈಯಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ ಉತ್ತರದಿಂದ ಅಗೆಯುವ ತಂಡ ಬಂತು. ಅವರ ಯಜಮಾನಿ ಒತ್ತಾವಿಯಾ, ನಲವತ್ತರ ಹೆಂಗಸು, ಬಿಸಿಲಿಗೆ ಮೂಗಿನ ಮೇಲೆ ಬಿಳಿ ಮುಲಾಮು ಬಳಿದುಕೊಂಡೇ ಓಡಾಡುವವಳು. ಓದಿದವಳಲ್ಲವೇ, ಊರೆಲ್ಲ ಅವಳನ್ನು ಡಾಕ್ಟರಮ್ಮ ಅನ್ನುತ್ತದೆ. ಜ್ವರಕ್ಕೆ ಮಾತ್ರೆ ಕೇಳಿದರೆ ಮಾತ್ರ ಅವಳು ಕಣ್ಣುಕಣ್ಣು ಬಿಡುತ್ತಾಳೆ. ತಂಡಕ್ಕೆ ಮಧ್ಯಾಹ್ನದ ಅಡುಗೆ ನನ್ನದು. ಗಂಡ ಹೋದ ಮೇಲೆ ನಾನು ಅಪ್ಪ ಅಮ್ಮನ ಜೊತೆಗೇ ಇದ್ದೇನೆ. ಹತ್ತು ಜನಕ್ಕೆ ಬೇಯಿಸುವುದು ನನಗೆ ಲೆಕ್ಕಕ್ಕಿಲ್ಲ. ಪಾತ್ರೆಗಳನ್ನು ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಿ ಬಡಿಸುತ್ತೇನೆ. ಕರಿದ ಒಣಮೆಣಸಿನಕಾಯಿ ಪುಡಿಮಾಡಿ ಉದುರಿಸಿದ ಪಾಸ್ತಾವನ್ನು ಅವರು ತಟ್ಟೆ ನೆಕ್ಕಿ ತಿನ್ನುತ್ತಾರೆ.

ಮೊದಮೊದಲು ಅಪ್ಪನ ಓಡಾಟ ಅವರಿಗೆ ಖುಷಿಯಾಗಿತ್ತು. ಹೊಲದ ತಲೆಯಲ್ಲಿ ದೇವಮಾತೆಯ ಒಂದು ಚಿಕ್ಕ ಗುಡಿಯಿತ್ತು. ಎಂಬತ್ತನೇ ಇಸವಿಯ ಭೂಕಂಪದಲ್ಲಿ ಮಾಡು ಕುಸಿದು ಒಂದು ಗೋಡೆ, ಒಂದು ಮೂಲೆ ಮಾತ್ರ ಉಳಿದಿತ್ತು. ವಿಲ್ಲಾದ ಗೋಡೆಯ ಮೇಲೆಯೇ ಯಾರೋ ಹಿಂದಿನವರು ಆ ಗುಡಿ ಕಟ್ಟಿದ್ದಾರೆ, ಹಾಗಾಗಿ ಅಲ್ಲಿಂದಲೇ ಶುರುಮಾಡೋಣ ಅನ್ನುವುದು ಡಾಕ್ಟರಮ್ಮನ ಲೆಕ್ಕ. ಅಪ್ಪ ಅಡ್ಡ ನಿಂತ. ಅಲ್ಲೇನಿಲ್ಲ, ಬರೀ ಮೇಕೆ ಹಿಕ್ಕೆ, ಕೆಳಗಿನ ಪಾಲಿನಲ್ಲಿ ಅಗೆಯಿರಿ, ಆಳು ಮುಳುಗುವಂಥ ಗುಡಾಣಗಳು ಹೂತಿವೆ ಅಂದ. ಅಗೆದರು. ಗುಡಾಣಗಳು ಸಿಕ್ಕವು, ಸಾಲಾಗಿ, ಕುತ್ತಿಗೆವರೆಗೆ ಮಣ್ಣಿನಲ್ಲಿ. ಎಲ್ಲರೂ ಅಪ್ಪನ ಬೆನ್ನು ತಟ್ಟಿದರು, ನನಗೂ ಹೆಮ್ಮೆಯಾಯಿತು. ಆಮೇಲೆ ಹಿಂಡುವ ಕಲ್ಲು ಇನ್ನೂ ಕೆಳಗಿದೆ ಅಂದ, ಅದೂ ಸಿಕ್ಕಿತು. ಹೀಗೆ ಜುಲೈ ಪೂರಾ ಮುದುಕ ಅವರನ್ನು ಗುಡಿಯಿಂದ ದೂರ ದೂರಕ್ಕೆ ನಡೆಸಿಕೊಂಡು ಹೋದ.

ಊರಿನವರ ಬಾಯಿಗೆ ಬೀಗ ಉಂಟೇ? ಕಾನಿಯೋ ಮುದುಕ ಗುಡಿಯ ಹತ್ತಿರ ಬಂಗಾರದ ಕೊಡ ಹೂತಿಟ್ಟಿದ್ದಾನೆ, ಅದಕ್ಕೇ ಅಲ್ಲಿಗೆ ಯಾರನ್ನೂ ಬಿಡುತ್ತಿಲ್ಲ ಎಂದು ಕ್ಷೌರದಂಗಡಿಯಲ್ಲಿ ಮಾತಾಯಿತು. ನಾನು ನಕ್ಕು ಮನೆಗೆ ಬಂದು ಹೇಳಿದರೆ ಅಪ್ಪನ ಮುಖ ಸುಣ್ಣವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆವತ್ತಿನಿಂದ ನನಗೂ ಅನುಮಾನ ಹತ್ತಿತು. ಬಂಗಾರ ಇರುವಷ್ಟು ಭಾಗ್ಯ ನಮ್ಮ ಮನೆತನಕ್ಕಿಲ್ಲ, ಆದರೆ ಏನೋ ಇದೆ ಅನ್ನಿಸಿತು.

ಆಗಸ್ಟ್ ನಡುವಿಗೆ ಕೆಳಗಿನ ಪಾಲು ಮುಗಿಯಿತು. ಡಾಕ್ಟರಮ್ಮ ಗುಡಿಯ ಸುತ್ತ ಗೂಟ ಹೊಡೆಸಿ, ದಾರ ಕಟ್ಟಿಸಿದಳು. ಅಗೆಯುವವರಿಗೆ ಆ ದಾರವೆಂದರೆ ದೇವರಿದ್ದಂತೆ. ಎಲ್ಲ ಅಳತೆಯೂ ಅದರಿಂದಲೇ. ಮಾರನೆಯ ದಿನ ಎಲ್ಲರೂ ಓಕ್ ಮರದ ಕೆಳಗೆ ಊಟಕ್ಕೆ ಕೂತಿದ್ದಾಗ ಅಪ್ಪ ಹೋಗಿ ಗೂಟಗಳನ್ನೆಲ್ಲ ಕಿತ್ತು, ದಾರವನ್ನು ಉಂಡೆ ಸುತ್ತಿ ಜೇಬಿಗೆ ಹಾಕಿಕೊಂಡು ಬಂದು, ಏನೂ ಆಗದವನ ಹಾಗೆ ನೀರು ಕೇಳಿದ. ಡಾಕ್ಟರಮ್ಮ ಕೂಗಾಡಲಿಲ್ಲ. ಮೂಗಿನ ಮುಲಾಮು ಒರೆಸಿಕೊಂಡು, ನಾಳೆಯಿಂದ ಅಜ್ಜನನ್ನು ಮನೆಯಲ್ಲಿ ಇರಿಸಿಕೊಳ್ಳಿ ದೊನಾತಾ ಅಂದಳಷ್ಟೆ. ಅದು ನನಗೆ ಕೆನ್ನೆಗೆ ಬಾರಿಸಿದ್ದಕ್ಕಿಂತ ಹೆಚ್ಚಾಯಿತು. ದಾರಿಯುದ್ದಕ್ಕೂ ಅಪ್ಪನಿಗೆ ಬಾಯಿಗೆ ಬಂದಹಾಗೆ ಬೈದೆ. ಅವನು ಗಾಡಿಯ ಸರಳು ಹಿಡಿದು ಗುಡಿಯ ಕಡೆಗೇ ತಿರುಗಿ ಕೂತಿದ್ದ.

ಮನೆಯಲ್ಲಿ ಅಮ್ಮ ಬಾಗಿಲಲ್ಲಿ ಕೂತು ಮೆಣಸಿನಕಾಯಿ ಪೋಣಿಸುತ್ತಿದ್ದಳು. ಆಗಸ್ಟಿನಲ್ಲಿ ನಮ್ಮ ಕಡೆ ಹೆಂಗಸರಿಗೆ ಬೇರೆ ಕೆಲಸವಿಲ್ಲ. ಖಾರವಿಲ್ಲದ ಉದ್ದ ಕೆಂಪು ಮೆಣಸಿನಕಾಯಿಗಳನ್ನು ಸೂಜಿದಾರದಲ್ಲಿ ಪೋಣಿಸಿ ಗೋಡೆಗೆ ತೂಗುಹಾಕಬೇಕು. ಅಮ್ಮನ ಹೆಸರು ಜೆರಾರ್ದಾ. ಮಾತು ಕಡಿಮೆ, ಆಡಿದರೆ ಸೂಜಿಯ ಮೊನೆ. ನಿನ್ನ ಗಂಡ ಮಾಡಿದ ಘನಕಾರ್ಯ ಕೇಳು ಅಂತ ನಾನು ಎಲ್ಲ ಒದರಿದೆ. ಅವಳು ತಲೆ ಎತ್ತಿ ಅವನನ್ನು ಒಂದು ಸಲ ನೋಡಿ, ನನಗೆ ಮದುವೆಯಾದ ಮರುವರ್ಷದಿಂದ ಇವನು ಆ ಗುಡಿಯ ಹತ್ತಿರ ಹೊತ್ತು ಮೀರಿ ಕೂರುತ್ತಿದ್ದ, ದೇವರ ಮೇಲಿನ ಭಕ್ತಿ ಅಂದುಕೊಂಡಿದ್ದೆ, ಭಕ್ತಿಯ ಮನುಷ್ಯ ಅಲ್ಲ ಅಂತ ಆಮೇಲೆ ಗೊತ್ತಾಯಿತು ಅಂದಳು.

ಸೋಮವಾರ ಗುಡಿಯ ಉಳಿದ ಗೋಡೆಯನ್ನು ಇಳಿಸಿದರು. ಯಾರ ತಲೆಯ ಮೇಲಾದರೂ ಬಿದ್ದೀತು ಎಂದು ಕಲ್ಲು ಕಲ್ಲಾಗಿ ಬಿಡಿಸಿ ಪಕ್ಕಕ್ಕೆ ಪೇರಿಸಿದರು. ಅಪ್ಪನನ್ನು ಮನೆಯಲ್ಲಿ ಕೂಡಿಹಾಕಲು ನನ್ನಿಂದ ಆಗಲಿಲ್ಲ. ಅವನು ನಡೆದೇ ಬರುತ್ತೇನೆ ಅಂದ, ಹಾಗಾಗಿ ಗಾಡಿಯಲ್ಲಿ ಕರೆತಂದು ಓಕ್ ಮರದ ಕೆಳಗೆ ಕೂರಿಸಿದೆ. ಕೊನೆಯ ಕಲ್ಲು ಇಳಿಯುವಾಗ ಅವನು ಎದ್ದ, ಕೂತ, ಮತ್ತೆ ಎದ್ದ. ಬಿಸಿಲಿಗೆ ಕಾದ ಹೆಂಚಿನ ಮೇಲೆ ಬರಿಗಾಲಲ್ಲಿ ನಿಂತವನ ಹಾಗೆ ಕಾಲು ಬದಲಿಸುತ್ತಲೇ ಇದ್ದ.

ಮರುದಿನ ಹೆಂಚುಗಳು ಸಿಕ್ಕವು. ಗೋಡೆಯ ಬುಡದುದ್ದಕ್ಕೆ ಐದು, ಒಂದರ ಪಕ್ಕ ಒಂದು, ಕವುಚಿ ಹಾಕಿದ ಬಾಗುಹೆಂಚು. ಪ್ರತಿಯೊಂದರ ಕೆಳಗೂ ಎಳೆಗೂಸಿನ ಎಲುಬು. ಡಾಕ್ಟರಮ್ಮನಿಗೆ ಆವತ್ತು ಊಟವೇ ಸೇರಲಿಲ್ಲ, ಸಂತೋಷಕ್ಕೆ. ರೋಮನ್ನರು ಹುಟ್ಟಿ ಸತ್ತ ಕೂಸುಗಳನ್ನು ಸ್ಮಶಾನಕ್ಕೆ ಒಯ್ಯುತ್ತಿರಲಿಲ್ಲವಂತೆ, ಮನೆಯ ಸೂರಿನ ಕೆಳಗೇ ಮಣ್ಣು ಮಾಡುತ್ತಿದ್ದರಂತೆ. ಪುಸ್ತಕದಲ್ಲಿ ಓದಿದ್ದು ಇಲ್ಲಿ ಸಾಲಾಗಿ ಮಲಗಿದೆ ಎಂದು ಅವಳು ಚಮಚ ಆಡಿಸುತ್ತ ಹೇಳಿದಳು. ಗುಲಾಮ ಹೆಂಗಸರ ಮಕ್ಕಳಿರಬೇಕು. ಶುಕ್ರವಾರ ನಗರದಿಂದ ಎಲುಬಿನ ತಜ್ಞ ಬಂದು ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ಪ್ರಯೋಗಾಲಯದಲ್ಲಿ ಇರುತ್ತವೆ ಅಂದಳು.

ಅಪ್ಪ ತಟ್ಟೆ ಕೆಳಗಿಟ್ಟ. "ಐದೂ ಒಯ್ತಾರಾ?" ಅಂತ ಕೇಳಿದ.

ಐದೂ ಅಜ್ಜ, ಒಂದೂ ಬಿಡುವುದಿಲ್ಲ ಎಂದು ಡಾಕ್ಟರಮ್ಮ ನಕ್ಕಳು. ಗೂಟದ ಜಗಳ ಅವಳು ಮರೆತಿದ್ದಳು. ಅಪ್ಪ ಹೋಗಿ ಗಾಡಿಯಲ್ಲಿ ಕೂತ. ನಾನು ಪಾತ್ರೆ ತುಂಬಿಕೊಂಡು ಹೊರಟೆ. ಊರಿನ ತಿರುವು ಬರುವ ಮೊದಲು, ಬಾವಿಯ ಹತ್ತಿರ, ಗಾಡಿ ನಿಲ್ಲಿಸು ಅಂದ.

"ಆ ಐದರಲ್ಲಿ ಒಂದು ನಮ್ದು."

ಹೊಲವೇ ನಮ್ಮದು, ಹಾಗೆ ನೋಡಿದರೆ ಐದೂ ನಮ್ಮವೇ, ಕಾನೂನು ಬಿಡಬೇಕಲ್ಲ ಅಂದೆ ನಾನು, ಪೆದ್ದಿ.

"ಹೆಂಚಲ್ಲ ಕಣೆ. ಮಗು. ನಿನಗಿಂತ ಮುಂಚಿಂದು."

ನನಗಿಂತ ಮುಂಚೆ ಅಮ್ಮನಿಗೆ ಒಂದು ಹೆಣ್ಣು ಸತ್ತೇ ಹುಟ್ಟಿತ್ತು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಎಲ್ಲಿದೆ ಅನ್ನುವುದೂ ಗೊತ್ತು: ಸ್ಮಶಾನದಲ್ಲಿ, ಅಪ್ಪನ ಸೋದರತ್ತೆಯ ಗೋರಿಯಲ್ಲಿ. ಜ್ಞಾನಸ್ನಾನವಾಗದ ಕೂಸಿಗೆ ಪಾದ್ರಿ ಪವಿತ್ರ ಮಣ್ಣು ಕೊಡದ ಕಾಲ ಅದು. ಅಪ್ಪ ಗುಂಡಿ ತೋಡುವವನ ಕೈಕಾಲು ಹಿಡಿದು ಗುಟ್ಟಾಗಿ ಅತ್ತೆಯ ಪಕ್ಕ ಮಲಗಿಸಿ ಬಂದನಂತೆ. ಅಮ್ಮ ಪ್ರತಿ ಭಾನುವಾರ ಪೂಜೆ ಮುಗಿಸಿ ಅಲ್ಲಿ ದೀಪ ಹಚ್ಚುತ್ತಾಳೆ. ನಾನು ನಡೆಯಲು ಕಲಿತದ್ದೇ ಆ ಗೋರಿಗಳ ನಡುವೆ.

ಎಲ್ಲ ಸುಳ್ಳು ಅಂದ ಅಪ್ಪ. ಗುಂಡಿ ತೋಡುವವನು ಒಪ್ಪಲಿಲ್ಲ. ಅಂಥ ಕೂಸುಗಳಿಗೆ ಜಾಗ ಗೋಡೆಯಾಚೆ, ತುರಿಕೆಸೊಪ್ಪಿನಲ್ಲಿ, ನೇಣು ಹಾಕಿಕೊಂಡವರ ಪಕ್ಕದಲ್ಲಿ ಎಂದು ಕೈತೋರಿಸಿದ. ಅಪ್ಪ ಮಗುವನ್ನು ಎತ್ತಿಕೊಂಡು ಅಲ್ಲಿಗೂ ಹೋದ. ನಾಯಿಗಳು ಕೆದರಿದ ಗುಂಡಿಗಳಿದ್ದವು. ಅಲ್ಲಿಂದ ವಾಪಸು ಹೊರಟವನು ನಮ್ಮ ಹೊಲಕ್ಕೆ ಬಂದ. ಗುಡಿಯ ಮಾಡಿನಿಂದ ಇಳಿಯುವ ನೀರು ಕೂಸಿನ ಮೇಲೆ ಬಿದ್ದರೆ ಅದೇ ಜ್ಞಾನಸ್ನಾನ ಎಂದು ಹಿಂದಿನವರು ಹೇಳುತ್ತಿದ್ದರು. ಸೂರಿನ ಕೆಳಗೆ ಗೋಡೆಗೆ ಒತ್ತಿ ತೋಡಿದ. ಮೇಲೆ ಮುಚ್ಚಲು ಹೊಲದಲ್ಲೇ ಬಿದ್ದಿದ್ದ ಒಂದು ಹೆಂಚು ಕವುಚಿದ. ಆ ಹೊಲದಲ್ಲಿ ಇನ್ನೇನು ಸಿಗುತ್ತದೆ? ಪಕ್ಕದಲ್ಲೇ ಎರಡು ಸಾವಿರ ವರ್ಷದ ಹಿಂದಿನವರು ಅದೇ ಹೆಂಚಿನ ಕೆಳಗೆ ಮಲಗಿದ್ದಾರೆಂದು ಅವನಿಗೆ ಯಾರು ಹೇಳಬೇಕು?

ಮನೆಗೆ ಹೋದರೆ ಅಮ್ಮನಿಗೆ ಜ್ವರ, ಮೈ ಕೆಂಡ. ಮಗು ಎಲ್ಲಿ ಅಂದಳು. ಸೋದರತ್ತೆಯ ಪಕ್ಕ ಅಂದುಬಿಟ್ಟ. ಅವಳು ನಿದ್ದೆ ಮಾಡಿದಳು. ಬೆಳಿಗ್ಗೆ ನಿಜ ಹೇಳೋಣ ಅಂದುಕೊಂಡನಂತೆ. ಆ ಬೆಳಿಗ್ಗೆ ಅರವತ್ತು ವರ್ಷವಾದರೂ ಆಗಲಿಲ್ಲ.

"ಹೆಸರೂ ಇಟ್ಟೆ," ಅಂದ ಅಪ್ಪ. "ಅಪೊಲೋನಿಯಾ. ನಮ್ಮಮ್ಮಂದು."

ನಮ್ಮ ಕಡೆ ಮೊದಲ ಮಗಳಿಗೆ ಅಪ್ಪನ ತಾಯಿಯ ಹೆಸರು. ಅದನ್ನು ಮೀರುವುದೆಂದರೆ ಹೆತ್ತವಳಿಗೆ ಉಗುಳಿದ ಹಾಗೆ. ಮೊದಲನೆಯದು ಸತ್ತರೆ ಹೆಸರು ಎರಡನೆಯದಕ್ಕೆ ಬರುತ್ತದೆ. ನನಗೆ ಬರಲಿಲ್ಲ. ನಾನು ದೊನಾತಾ ಆದೆ. ಅಜ್ಜಿ ಸಾಯುವವರೆಗೂ ಅದನ್ನು ಕ್ಷಮಿಸಲಿಲ್ಲ. ಬಾದಾಮಿ ಮಿಠಾಯಿ ಹಂಚುವಾಗ ನನ್ನ ತಲೆಯ ಮೇಲಿಂದ ಕೈ ದಾಟಿಸಿ ಚಿಕ್ಕಪ್ಪನ ಮಗಳಿಗೆ ಕೊಡುತ್ತಿದ್ದಳು, ಅವಳು ಅಪೊಲೋನಿಯಾ. ಇದೆಲ್ಲ ಸೊಸೆ ಜೆರಾರ್ದಾಳ ಕಿತಾಪತಿ, ಮಗನ ಕಿವಿ ಊದಿದ್ದಾಳೆ ಎಂದು ಬಾವಿಕಟ್ಟೆಯಲ್ಲಿ ಸಾರಿದಳು. ಅಮ್ಮನೂ ಎಷ್ಟೋ ಸಲ ಕೇಳಿದ್ದಳು, ಯಾಕಿಡಲಿಲ್ಲ, ನನ್ನ ತಲೆಗೆ ಯಾಕೆ ಕಟ್ಟಿದೆ ಅಂತ. ಅಪ್ಪ ಹೊರಗೆ ಎದ್ದು ಹೋಗುತ್ತಿದ್ದ.

"ಒಬ್ಳಿಗೆ ಕೊಟ್ಟಿದ್ದನ್ನ ಕಿತ್ಕೊಂಡು ಇನ್ನೊಬ್ಳಿಗೆ ಹೇಗೆ ಕೊಡ್ಲಿ? ಅವಳ ಹತ್ರ ಇದ್ದಿದ್ದು ಅದೊಂದೇ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಡಾಕ್ಟರಮ್ಮನಿಗೆ ಮೆಲ್ಲಗೆ ಹೇಳು, ಆ ಒಂದನ್ನು ಮುಚ್ಚಿಬಿಡಲಿ, ನಿಮ್ಮಮ್ಮನ ಕಿವಿಗೆ ಬೀಳುವುದು ಬೇಡ ಎಂದು ಅವನು ಅಂಗಲಾಚಿದ. ಅವಳ ನೆಮ್ಮದಿ ಕೆಡುತ್ತದೆ ಅಂದ. ಅವಳ ನೆಮ್ಮದಿಯೋ ನಿನ್ನದೋ ಅಂದೆ. ಆದರೂ ಗಾಡಿ ತಿರುಗಿಸಿದೆ.

ಡಾಕ್ಟರಮ್ಮ ಕೇಳಿಸಿಕೊಂಡು ಮಣ್ಣಿನ ಮೇಲೆಯೇ ಕೂತಳು. ಮುಖದ ಸಂತೋಷವೆಲ್ಲ ಇಳಿದುಹೋಯಿತು. ಬೆಳಗಿನಿಂದ ನಾನು ಇದರ ಮುಂದೆ ನಗುತ್ತ ಫೋಟೋ ತೆಗೆಸಿಕೊಂಡೆ ಅಂದಳು, ಪಾಪ. ಆಮೇಲೆ ಯಾವುದು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಅಗೆದ ಹಳ್ಳದ ಅಂಚಿನಲ್ಲಿ ಆಚೆ ಹೋದ, ಈಚೆ ಬಂದ. ಮೂಲೆಯಿಂದ ಒಂದು ಮೊಳವೋ ಎರಡೋ ಅಂದ. ಮೂಲೆ ಈಗ ಕಲ್ಲಿನ ರಾಶಿಯಲ್ಲಿತ್ತು. ಅವರ ನಕ್ಷೆಯಲ್ಲಿ ಮೂಲೆಯನ್ನು ಹುಡುಕಿ ಅಳೆದು ತೋರಿಸಿದರೂ ಆ ಅಳತೆಗೆ ಮೂರು ಹೆಂಚು ಬರುತ್ತಿದ್ದವು. ಆವತ್ತು ಮೊಳ ಹಾಕಿ ನೋಡುವ ಸ್ಥಿತಿಯಲ್ಲಿ ಅವನಿದ್ದನೇ? ಮಣ್ಣೂ ಗೋಡೆ ಕುಸಿದಾಗ ಕಲಸಿಹೋಗಿದೆ, ಕಣ್ಣಿಗೆ ಐದೂ ಒಂದೇ, ಪ್ರಯೋಗಾಲಯದಲ್ಲಷ್ಟೇ ಗೊತ್ತಾಗುವುದು, ಅದಕ್ಕೆ ತಿಂಗಳುಗಳು ಬೇಕು ಅಂದಳು ಡಾಕ್ಟರಮ್ಮ.

ಮುಚ್ಚಿಬಿಡುವ ಮಾತಿಗೆ ಮಾತ್ರ ಅವಳು ಒಪ್ಪಲಿಲ್ಲ. ಈಚಿನ ಕಾಲದ ಮನುಷ್ಯರ ಎಲುಬು ಎಂದು ಗೊತ್ತಾದ ಮೇಲೆ ಪೊಲೀಸರಿಗೆ ಹೇಳಲೇಬೇಕು, ನಾಳೆ ಬೆಳಿಗ್ಗೆ ಫೋನು ಮಾಡುತ್ತೇನೆ, ಅವರು ನಿಮ್ಮ ಮನೆಗೇ ಬರುತ್ತಾರೆ. "ಅಮ್ಮನಿಗೆ ಅವರ ಬಾಯಿಂದ ಗೊತ್ತಾಗೋದು ಬೇಡ ಅಜ್ಜ. ಇವತ್ತೇ ಹೇಳಿ," ಅಂದಳು.

ಆ ಮಧ್ಯಾಹ್ನ ಅಪ್ಪ ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಮನೆಗೆ ಬಂದವನು ಒಳಗೆ ಕಾಲಿಡದೆ ಕೋಳಿಗೂಡಿಗೆ ಹೋದ. ಅಲ್ಲಿಂದ ಸೌದೆ ರಾಶಿಗೆ. ಸೌದೆಯನ್ನು ಆ ಕಡೆಯಿಂದ ಈ ಕಡೆಗೆ ಜೋಡಿಸಿದ. ಬಾಗಿಲವರೆಗೆ ಬಂದು, ಅಮ್ಮನನ್ನು ಕಂಡು, ಏನೋ ಮರೆತವನ ಹಾಗೆ ತಿರುಗಿದ. ಮೂರನೆಯ ಸಲ ತಿರುಗುವಾಗ ನಾನು ಹಿಂದಿನಿಂದ ತಳ್ಳಿದೆ, ನಿಜವಾಗಿ ಕೈಯಿಟ್ಟು ತಳ್ಳಿದೆ.

ಅವನು ಟೋಪಿ ಕೈಯಲ್ಲಿ ಹಿಡಿದು ನಿಂತು ಹೇಳಿದ. ನನಗೆ ಹೇಳಿದಷ್ಟು ಚೆನ್ನಾಗಿ ಹೇಳಲಿಲ್ಲ, ಹಿಂದುಮುಂದು ಮಾಡಿದ, ನಾಯಿಯ ವಿಷಯ ಎರಡು ಸಲ ಹೇಳಿದ. ಅಮ್ಮ ಪೋಣಿಸುವುದನ್ನು ನಿಲ್ಲಿಸಲಿಲ್ಲ. ಸೂಜಿ ಒಂದರ ಹಿಂದೆ ಒಂದು ತೊಟ್ಟಿನಲ್ಲಿ ಹೋಗುತ್ತಲೇ ಇತ್ತು. ಅವನ ಮಾತು ಮುಗಿದ ಮೇಲೆ ದಾರ ಕಡಿದು ಗಂಟು ಹಾಕಿದಳು.

"ಅಂದ್ರೆ ಇಷ್ಟು ವರ್ಷ ನನ್ ಕೈಲಿ ನಿಮ್ಮಮ್ಮಂಗೆ ದೀಪ ಹಚ್ಚಿಸ್ದೆ."

ಅದು ಸರಿಯಾಗಿಯೇ ಇತ್ತು. ಅಜ್ಜಿ ಸತ್ತಾಗ ಅವಳನ್ನೂ ಅದೇ ಗೋರಿಗೆ ಇಳಿಸಿದ್ದರು. ಮಗುವಿಗೋಸ್ಕರವಲ್ಲದಿದ್ದರೆ ಅಮ್ಮ ಆ ಹೆಂಗಸಿನ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ನನಗೆ ತಡೆಯಲಾರದ ನಗು ಬಂತು, ಹೆದರಿಕೆಯ ನಗು. ಅಮ್ಮ ನನ್ನನ್ನು ನೋಡಿದಳು, ನಗು ನಿಂತಿತು.

"ಸ್ಮಶಾನದಲ್ಲಿ ಇಲ್ಲ ಅಂತ ನನಗೆ ಬೇಜಾರಿಲ್ಲ ಕಾನಿಯೋ. ಆ ಹೊಲ ನಮ್ದು. ನಾನು ಪ್ರತಿ ವರ್ಷ ಅಲ್ಲಿ ಗೋಧಿ ಕೊಯ್ದಿದೀನಿ. ಆ ಗೋಡೆ ನೆರಳಲ್ಲೇ ಕೂತು ರೊಟ್ಟಿ ತಿಂದಿದೀನಿ. ಕಾಲು ಚಾಚಿದ್ರೆ ತಾಗೋವಷ್ಟು ಹತ್ರ ಇದ್ಳು. ನೀನು ಎದುರಿಗೆ ಕೂತಿರ್ತಿದ್ದೆ. ನಿನಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ."

ಅಪ್ಪ ಅಲ್ಲೇ ನಿಂತಿದ್ದ. ಅಮ್ಮ ಮೆಣಸಿನಕಾಯಿಯ ಸರ ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದಕ್ಕೂ ನನ್ನನ್ನು ಕಳಿಸಿದಳು. ಮರುದಿನ ಪೊಲೀಸ್ ಸಾಹೇಬ ಬಂದು, ಕಾಫಿ ಕುಡಿದು, ಟೋಪಿ ತೊಡೆಯ ಮೇಲಿಟ್ಟುಕೊಂಡು ಎಲ್ಲ ಕೇಳಿ, ಇಷ್ಟು ಹಳೆಯದಕ್ಕೆ ಯಾರನ್ನೂ ಏನೂ ಮಾಡುವುದಿಲ್ಲ, ಆದರೆ ಎಲುಬು ಪರೀಕ್ಷೆಯಾಗಲೇಬೇಕು, ನಿಮ್ಮದು ಯಾವುದೆಂದು ತಿಳಿದ ಮೇಲೆ ವಾಪಸು ಕೊಡುತ್ತಾರೆ ಎಂದು ಹೇಳಿ ಹೋದ. ಎಷ್ಟು ತಿಂಗಳು ಎಂದು ಅಮ್ಮ ಕೇಳಿದ್ದಕ್ಕೆ, ಎಷ್ಟೋ ತಿಂಗಳು ಹಿಡಿಯಬಹುದು ಎಂದು ಅವನು ಕೈಯಾಡಿಸಿದ. ಅಪ್ಪನಿಗೆ ಎಂಬತ್ತೆಂಟು, ಅಮ್ಮನಿಗೆ ಎಂಬತ್ತನಾಲ್ಕು. ಅವರ ವಯಸ್ಸಿನವರಿಗೆ ತಿಂಗಳುಗಳ ಮಾತು ಹೇಳಬಾರದು, ಅಷ್ಟು ಬುದ್ಧಿ ಅವನಿಗಿರಲಿಲ್ಲ.

ಶುಕ್ರವಾರ ಅಮ್ಮ ಭಾನುವಾರದ ಕಪ್ಪು ಲಂಗ ಉಟ್ಟು, ಬೂಟು ಹಾಕಿ, ಹೊತ್ತಿಗೆ ಮುಂಚೆ ಗಾಡಿಯಲ್ಲಿ ಕೂತಿದ್ದಳು. ಅಪ್ಪ ಹಿಂದೆ ಪಾತ್ರೆಗಳ ಜೊತೆ ಕೂತ. ಹೊಲದಲ್ಲಿ ಹಳ್ಳಕ್ಕೆ ಹಲಗೆ ಹಾಸಿದ್ದರು. ಡಾಕ್ಟರಮ್ಮ ಒಂದು ಕೈ, ನಾನು ಒಂದು ಕೈ ಹಿಡಿದು ಅಮ್ಮನನ್ನು ಇಳಿಸಿದೆವು. ಹೆಂಚು ತೆಗೆದಿಟ್ಟಿದ್ದರು. ಕೋಳಿಮರಿಯ ಎಲುಬಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅಮ್ಮ ಹಲಗೆಯ ಮೇಲೆ ಕೂತು ಒಂದರಿಂದ ಇನ್ನೊಂದಕ್ಕೆ ನೋಡಿದಳು. ಹೆತ್ತವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೆ. ಗೊತ್ತಾಗಲಿಲ್ಲ. ಅವಳ ಕುತ್ತಿಗೆ ಕೆಂಪಾಯಿತು, ಅದೊಂದು ಅವಮಾನದ ಹಾಗೆ ಅವಳಿಗೆ ತಾಗಿತು, ನನಗೆ ಕಂಡಿತು.

ತಜ್ಞ ಮೃದು ಕೈಯವನು. ಕುಂಚದಿಂದ ಮಣ್ಣು ಸರಿಸಿ ಒಂದೊಂದೇ ಎತ್ತಿ ಐದು ಬಿಳಿ ರಟ್ಟಿನ ಡಬ್ಬಿಗಳಲ್ಲಿ ಹತ್ತಿಯ ಮೇಲೆ ಇರಿಸಿದ. ಮುಚ್ಚಳ ಹಾಕಿ ದಪ್ಪ ಪೆನ್ನಿನಿಂದ ನಂಬರು ಬರೆಯಲು ಹೊರಟ.

"ಅವಳಿಗೆ ಹೆಸರಿದೆ," ಅಂದಳು ಅಮ್ಮ. "ಅಪೊಲೋನಿಯಾ ಅಂತ ಬರೀರಿ."

ಯಾವುದರ ಮೇಲೆ ಎಂದು ಅವನು ಪೆಚ್ಚಾಗಿ ಕೇಳಿದ.

"ಐದರ ಮೇಲೂ."

ಹಾಗೆ ಬರೆದರೆ ಪ್ರಯೋಗಾಲಯದಲ್ಲಿ ಗೊಂದಲವಾಗುತ್ತದೆ ಅಮ್ಮಾ ಎಂದು ಅವನು ಶುರುಮಾಡಿದ. ನಿನ್ನ ನಂಬರು ಕೆಳಗೆ ಬರೆದುಕೋ, ಬೇಡ ಅಂದವರಾರು ಅಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಮಿಕ್ಕ ನಾಲ್ಕಕ್ಕೆ ಹೆಸರಿತ್ತೇ ಎಂದು ಕೇಳಿದಳು. ಇರಲಾರದು, ಆ ಕಾಲದಲ್ಲಿ ಹುಟ್ಟಿ ವಾರ ಕಳೆದ ಮೇಲೆ ಹೆಸರಿಡುತ್ತಿದ್ದರು, ಇವು ಅಲ್ಲಿಯವರೆಗೆ ಬದುಕಿದಂತಿಲ್ಲ ಅಂದಳು ಅವಳು.

"ಹಾಗಾದ್ರೆ ಕೊಟ್ರೆ ಜಗಳಕ್ಕೆ ಯಾರೂ ಬರಲ್ಲ."

ಡಾಕ್ಟರಮ್ಮ ತಜ್ಞನ ಕೈಯಿಂದ ಪೆನ್ನು ತೆಗೆದುಕೊಂಡು, ಮಂಡಿಯೂರಿ, ಐದು ಮುಚ್ಚಳಗಳ ಮೇಲೂ ಬರೆದಳು. ಅಕ್ಷರ ದೊಡ್ಡದಾಗಿರಲಿ ಎಂದು ಅಮ್ಮ ಮಧ್ಯೆ ಒಮ್ಮೆ ಹೇಳಿದಳು. ಬರೆದು ಮುಗಿದ ಮೇಲೆ, ಮೂರು ದಿನದಲ್ಲಿ ಮೊದಲ ಸಲ, ಮೇಲೆ ಅಂಚಿನಲ್ಲಿ ಕಾಲು ಬದಲಿಸುತ್ತ ನಿಂತಿದ್ದ ಅಪ್ಪನನ್ನು ನೋಡಿದಳು. "ಐದು ಅಪೊಲೋನಿಯಾ. ನಿಮ್ಮಮ್ಮ ಇನ್ನಾದ್ರೂ ಬಾಯಿ ಮುಚ್ಚಿ ಮಲಗ್ಲಿ," ಅಂದಳು.

ವ್ಯಾನು ಹೊರಟಿತು. ಇಳಿಜಾರಿನಲ್ಲಿ ಎದ್ದ ಧೂಳು ಕೂತಿತು. ಆಮೇಲೆ ಅಗೆಯುವವರು ನೀರು ಕುಡಿಯಲು ಮರದ ಕಡೆ ನಡೆದರು, ಡಾಕ್ಟರಮ್ಮ ನನಗೆ ಪಾತ್ರೆ ಇಳಿಸಲು ನೆರವಾದಳು. ಅಪ್ಪ ಹಲಗೆ ಹಿಡಿದುಕೊಂಡು ತಾನೇ ಹಳ್ಳಕ್ಕೆ ಇಳಿದ. ಬಿದ್ದಾನೆಂದು ನಾನು ಓಡಿದೆ. ಅವನು ಅಮ್ಮನ ಪಕ್ಕ ಹೋಗಿ ಕೂತಿದ್ದ. ಈ ಬೇಸಿಗೆಯಲ್ಲಿ ಅವನು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ನಾನು ಅಂಚಿನಲ್ಲೇ ನಿಂತುಬಿಟ್ಟೆ.

ಹೆತ್ತ ದಿನ ಸೂಲಗಿತ್ತಿ ಅಮ್ಮನಿಗೆ ಮಗುವನ್ನು ತೋರಿಸಿರಲಿಲ್ಲ. ನೋಡಿದರೆ ಎದೆಹಾಲು ನಿಲ್ಲುವುದಿಲ್ಲ ಎಂದು ಬಟ್ಟೆ ಸುತ್ತಿ, ಬೆನ್ನು ತಿರುಗಿಸಿ, ಅಪ್ಪನ ಕೈಗೆ ಕೊಟ್ಟಿದ್ದಳು. ಅಮ್ಮ ಇದನ್ನು ನನಗೆ ಹೇಳಿದ್ದು ಒಂದೇ ಒಂದು ಸಲ, ನನ್ನ ಮೊದಲ ಬಾಣಂತನದಲ್ಲಿ. ಮಗು ಹೇಗಿತ್ತೆಂದು ಕೇಳಬಾರದು ಅಂದಿದ್ದರು, ಕೇಳಲಿಲ್ಲ ಅಂದಿದ್ದಳು.

ಈಗ ಅವಳು ಎದುರಿನ ಖಾಲಿ ಮಣ್ಣನ್ನೇ ನೋಡುತ್ತ ಕೇಳಿದಳು.

"ಕೂದ್ಲಿತ್ತಾ ಅವಳಿಗೆ?"

"ಇತ್ತು," ಅಂದ ಅಪ್ಪ. "ಕರ್ರಗೆ. ತಲೆ ತುಂಬಾ. ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು."

"ಹಾಗೇ ಮಣ್ಣು ಮಾಡಿದ್ಯಾ?"

"ಇಲ್ಲ. ಬಾಚ್ದೆ. ಬೆರಳಲ್ಲಿ."